ಟಾಡ್ ಸ್ಟರ್ನ್: ಒಡಂಬಡಿಕೆಯ ಹಿಂದಿನ ನ್ಯಾಯವಾದಿ

ರಾಷ್ಟ್ರಗಳ ನಡುವಣ ಒಡಂಬಡಿಕೆಗಳನ್ನು ನಾವು ಸಾಮಾನ್ಯವಾಗಿ ರಾಜಕಾರಣಿಗಳ ಕೃತಿಗಳೆಂದು ಭಾವಿಸುತ್ತೇವೆ. ಆದರೆ ಅವುಗಳ ಒಂದೊಂದು ಪದವನ್ನೂ ತೂಗಿ ಇಡುವವರು ಬಹುಮಟ್ಟಿಗೆ ನ್ಯಾಯಶಾಸ್ತ್ರವನ್ನು ಬಲ್ಲವರು. ಒಡಂಬಡಿಕೆಯ ಸ್ವರೂಪವೇ ಅದರ ಅಳಿವು ಉಳಿವನ್ನು ಹೇಗೆ ನಿರ್ಣಯಿಸುತ್ತದೆಂಬುದನ್ನು ಅಮೆರಿಕದ ಟಾಡ್ ಸ್ಟರ್ನ್ ಅವರ ವೃತ್ತಿಜೀವನದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

1951ರಲ್ಲಿ ಜನಿಸಿದ ಸ್ಟರ್ನ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ ಶ್ವೇತಭವನದಲ್ಲಿ ಸೇವೆ ಸಲ್ಲಿಸಿ, 1997ರ ಕ್ಯೋಟೋ ಸಮ್ಮೇಳನದಲ್ಲಿ ಅದರ ಹಿರಿಯ ಸಂಧಾನಕಾರರಾಗಿ ಭಾಗವಹಿಸಿದರು. ಕ್ಯೋಟೋ ಒಡಂಬಡಿಕೆ ಮುಂದುವರಿದ ರಾಷ್ಟ್ರಗಳ ಮೇಲೆ ಮಾತ್ರ, ಕಾನೂನಿನ ಬಲದೊಡನೆ, ಅನಿಲ ವಿಸರ್ಜನೆಯ ಮಿತಿಗಳನ್ನು ವಿಧಿಸಿತು. ಅಮೆರಿಕದ ಪಾಲಿಗೆ ಬಂದುದು 1990ರ ಪ್ರಮಾಣಕ್ಕಿಂತ ಶೇಕಡ 7ರಷ್ಟು ಕಡಿತ. ಆದರೆ ಆ ದೇಶದ ಸಂವಿಧಾನದಂತೆ ಇಂತಹ ಕೌಲಿಗೆ ಸೆನೆಟ್ಟಿನ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆ ಬೇಕು. ಅದೇ ವರ್ಷದ ಜುಲೈ ತಿಂಗಳಲ್ಲಿ ಸೆನೆಟ್ಟು, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಅದೇ ಅವಧಿಯಲ್ಲಿ ಹೊಣೆಯಿಲ್ಲದ ಯಾವ ಒಪ್ಪಂದಕ್ಕೂ ಸಹಿ ಹಾಕಬಾರದೆಂದು 95–0 ಮತಗಳಿಂದ ಗೊತ್ತುವಳಿ ಮಾಡಿತ್ತು. 1998ರಲ್ಲಿ ಅಮೆರಿಕ ಸಹಿ ಹಾಕಿತಾದರೂ ಒಡಂಬಡಿಕೆ ಸೆನೆಟ್ಟಿನ ಮುಂದೆ ಬರಲೇ ಇಲ್ಲ. 2001ರಲ್ಲಿ ಹೊಸ ಸರ್ಕಾರ ಅದನ್ನು ತಿರಸ್ಕರಿಸಿತು.

ಅನಂತರ ಸ್ಟರ್ನ್ ವಾಷಿಂಗ್ಟನ್ನಿನ ನ್ಯಾಯವಾದಿಗಳ ಸಂಸ್ಥೆಯೊಂದರಲ್ಲಿ ಪಾಲುದಾರರಾದರು. ಆ ವರ್ಷಗಳಲ್ಲಿಯೂ ಹವಾಮಾನದ ಚಿಂತನೆ ನಿಲ್ಲಲಿಲ್ಲ. ಹೆಚ್ಚು ಅನಿಲ ಹೊರಸೂಸುವ ಎಂಟು ಶಕ್ತಿಗಳು ಪ್ರತ್ಯೇಕವಾಗಿ ಕೂಡಿ ಮಾತನಾಡಬೇಕೆಂದು 2007ರಲ್ಲಿ ಅವರು ಸಹಲೇಖಕರೊಬ್ಬರೊಡನೆ ಸೂಚಿಸಿದರು. 2009ರಲ್ಲಿ ಹಿಲರಿ ಕ್ಲಿಂಟನ್ ಅವರನ್ನು ಹವಾಮಾನದ ವಿಶೇಷ ರಾಯಭಾರಿಯನ್ನಾಗಿ ನೇಮಿಸಿದರು.

ಈ ಬಾರಿ ಅವರ ಎದುರಿಗಿದ್ದುದು ಎರಡು ತೊಡಕುಗಳು. ಒಂದು, ಸ್ವದೇಶದ ಸೆನೆಟ್ಟು. ಇನ್ನೊಂದು, 1992ರ ಮೂಲ ಒಪ್ಪಂದದಲ್ಲಿದ್ದ ‘ಸಮಾನವಾದರೂ ಭಿನ್ನವಾದ ಹೊಣೆ’ಯ ತತ್ತ್ವ. ವಾತಾವರಣವನ್ನು ಕೆಡಿಸಿದವರು ಮೊದಲು ಕೈಗಾರಿಕೆಯನ್ನು ಬೆಳೆಸಿದ ದೇಶಗಳವರಾದ್ದರಿಂದ ಹೆಚ್ಚಿನ ಭಾರ ಅವರದೇ ಎಂಬುದು ಭಾರತವೇ ಮೊದಲಾದ ದೇಶಗಳ ನ್ಯಾಯವಾದ ವಾದ. 2014ರ ನವೆಂಬರಿನಲ್ಲಿ ಅಮೆರಿಕ ಮತ್ತು ಚೀನಾ ಹೊರಡಿಸಿದ ಜಂಟಿ ಪ್ರಕಟಣೆ ಈ ತತ್ತ್ವಕ್ಕೆ ‘ಭಿನ್ನ ರಾಷ್ಟ್ರೀಯ ಪರಿಸ್ಥಿತಿಗಳ ಬೆಳಕಿನಲ್ಲಿ’ ಎಂಬ ಪದಪುಂಜವನ್ನು ಕೂಡಿಸಿತು. ತತ್ತ್ವ ಉಳಿಯಿತು, ಆದರೆ 1992ರ ಪಂಕ್ತಿಭೇದ ಸಡಿಲವಾಯಿತು. ಅದೇ ಮಾತು ಪ್ಯಾರಿಸ್ ಒಪ್ಪಂದದಲ್ಲಿಯೂ ನೆಲೆಗೊಂಡಿತು.

ಪ್ಯಾರಿಸ್ಸಿನಲ್ಲಿ ಕ್ಯೋಟೋದ ಕ್ರಮವೇ ತಲೆಕೆಳಗಾಯಿತು. ಪ್ರತಿಯೊಂದು ದೇಶವೂ ತನ್ನ ಗುರಿಯನ್ನು ತಾನೇ ನಿಶ್ಚಯಿಸಿ ಸಲ್ಲಿಸತಕ್ಕದ್ದು, ವರದಿ ಮಾಡತಕ್ಕದ್ದು. ಈ ವಿಧಾನ ಮಾತ್ರ ಕಡ್ಡಾಯ. ಗುರಿಯ ಸಾಧನೆಗೆ ಕಾನೂನಿನ ಒತ್ತಾಯವಿಲ್ಲ. ಆದಕಾರಣ ಸೆನೆಟ್ಟಿನ ಮತವಿಲ್ಲದೆ ಅಧ್ಯಕ್ಷರೇ ಇದನ್ನು ಅಂಗೀಕರಿಸುವುದು ಸಾಧ್ಯವಾಯಿತು. 2015ರ ಡಿಸೆಂಬರ್ 12ರಂದು, ಅಂತಿಮ ಪಠ್ಯದ ನಾಲ್ಕನೆಯ ವಿಧಿಯಲ್ಲಿ, ಮುಂದುವರಿದ ದೇಶಗಳ ಕಡಿತದ ಬಗ್ಗೆ ‘ಶುಡ್’ ಎಂದಿರಬೇಕಾದೆಡೆ ‘ಶ್ಯಾಲ್’ ಎಂದಿರುವುದನ್ನು ಅಮೆರಿಕದ ನಿಯೋಗ ಕಂಡಿತು. ಮೊದಲನೆಯದು ಹಿತವಚನ, ಎರಡನೆಯದು ವಿಧಿ. ಆ ಒಂದು ಪದ ನಿಂತಿದ್ದರೆ ಒಪ್ಪಂದವು ಪುನಃ ಸೆನೆಟ್ಟಿನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಸಭೆಯಲ್ಲಿ ಇತರ ಸಣ್ಣ ತಿದ್ದುಪಡಿಗಳೊಡನೆ ಇದನ್ನೂ ಓದಿ ಸರಿಪಡಿಸಲಾಯಿತು.

ಈ ಸಡಿಲಿಕೆಗೆ ಬೆಲೆ ತೆರಬೇಕಾಯಿತು. ಅಧ್ಯಕ್ಷರ ಸಹಿಯಿಂದ ಸೇರಿದ ಅಮೆರಿಕ ಅಧ್ಯಕ್ಷರ ಸಹಿಯಿಂದಲೇ 2020ರಲ್ಲಿ ಹೊರಬಂದಿತು, 2021ರಲ್ಲಿ ಮರಳಿತು, 2025ರ ಜನವರಿಯಲ್ಲಿ ಮತ್ತೆ ನಿರ್ಗಮನದ ಆಜ್ಞೆ ಹೊರಟಿತು. ಆದರೂ, ಅಮೆರಿಕ ಮೊದಲ ಬಾರಿ ಹೊರಬಂದಾಗ ಉಳಿದ ದೊಡ್ಡ ರಾಷ್ಟ್ರಗಳು ಅದನ್ನು ಹಿಂಬಾಲಿಸಲಿಲ್ಲವೆಂಬುದು ಗಮನಾರ್ಹ. ಬಿಗಿಯಾದ ಕರಾರು ಕಾಗದದಲ್ಲಿ ಬಲವಾಗಿದ್ದು ಆಚರಣೆಯಲ್ಲಿ ಮುರಿಯಬಹುದು. ಸಡಿಲವಾದುದು ಎಲ್ಲರನ್ನೂ ಒಳಗೊಂಡು ಯಾರನ್ನೂ ಕಟ್ಟಿಹಾಕದೆ ಹೋಗಬಹುದು. ಇವೆರಡರ ನಡುವಣ ದಾರಿಯನ್ನು ಅರಸಿದುದೇ ಸ್ಟರ್ನ್ ಅವರ ಕಾರ್ಯದ ಸಾರ. ಒಡಂಬಡಿಕೆಗಳ ಇತಿಹಾಸವನ್ನು ಓದುವ ವಿದ್ಯಾರ್ಥಿಯು ಸಹಿಗಳನ್ನು ಎಣಿಸುವುದರ ಜೊತೆಗೆ ಕ್ರಿಯಾಪದಗಳನ್ನೂ ಪರೀಕ್ಷಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.