ಹಳೆಯ ಆಟದ ಮಸುಕು ಮುಖಕ್ಕೆ ಹೊಸ ಗೆರೆ

ಕುಂದಾಪುರದ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ‘ವಿಷುವಲ್ ನಾವೆಲ್’ ಎಂಬ ಬಗೆಯ ಜಪಾನಿ ಕಂಪ್ಯೂಟರ್ ಆಟಗಳ ಗುಟ್ಟು ಬೇಗ ಹಿಡಿಯುತ್ತದೆ. ಕೊಗ್ಗ ಕಾಮತರ ಮನೆತನದ ಈ ಕಲೆಯಲ್ಲಿ ಮರದ ಮುಖಕ್ಕೆ ಜೀವ ಬರುವುದು ಭಾಗವತರ ಪದದಿಂದ, ಅರ್ಥಗಾರಿಕೆಯಿಂದ. ವಿಷುವಲ್ ನಾವೆಲ್‌ನಲ್ಲೂ ಅಷ್ಟೇ: ಹಿಂದೊಂದು ದೃಶ್ಯ, ಮುಂದೆ ನಿಂತ ಪಾತ್ರ, ಕೆಳಗೆ ಮಾತು. ಓಟವಿಲ್ಲ, ಗುಂಡೇಟಿಲ್ಲ. ಓದುತ್ತ ಹೋಗಬೇಕು, ಹಲವು ಆಟಗಳಲ್ಲಿ ಅಲ್ಲಲ್ಲಿ ಕತೆಯ ದಾರಿ ಆರಿಸಬೇಕು.

2000ದ ‘ತ್ಸುಕಿಹಿಮೆ’, 2002ರಲ್ಲಿ ಶುರುವಾದ ‘ಹಿಗುರಾಶಿ’ ಎಂಬ ವಿಷುವಲ್ ನಾವೆಲ್‌ಗಳು ಎರಡೂ 640×480 ಪಿಕ್ಸೆಲ್‌ಗಳ ಪರದೆಗೆ ಮಾಡಿದವು. ಇಂದಿನ 1920×1080 ಪರದೆಯಲ್ಲಿ ಪಿಕ್ಸೆಲ್‌ಗಳು ಆರೂಮುಕ್ಕಾಲು ಪಟ್ಟು. ಹಳೆಯ ಚಿತ್ರವನ್ನು ಅಷ್ಟಕ್ಕೆ ಎಳೆದರೆ ಕಣ್ಣು ಮಸುಕಾಗುತ್ತದೆ, ಕೂದಲಿನ ಅಂಚು ಹಲ್ಲುಹಲ್ಲಾಗುತ್ತದೆ. ಇದನ್ನು ತಿದ್ದಿ ದೊಡ್ಡದು ಮಾಡುವುದೇ ಅಪ್‌ಸ್ಕೇಲಿಂಗ್. ತಿದ್ದಿದ್ದನ್ನು ಆಟದೊಳಗೆ ಕೂರಿಸುವುದು ಮಾಡಿಂಗ್. 2015ರಲ್ಲಿ ‘ವೈಫು2ಎಕ್ಸ್’ ಎಂಬ ಉಚಿತ ತಂತ್ರಾಂಶ ಬಂದ ಮೇಲೆ ಹವ್ಯಾಸಿಗಳ ಕೈಗೂ ಈ ವಿದ್ಯೆ ಸಿಕ್ಕಿತು. ಅನಿಮೆ ಶೈಲಿಯ ಚಿತ್ರಗಳನ್ನು ನೋಡಿಯೇ ಪಳಗಿದ ತಂತ್ರಾಂಶವದು.

ಆದರೆ ಗುಂಡಿ ಒತ್ತಿದರೆ ಮುಗಿಯುವ ಕೆಲಸ ಇದಲ್ಲ. ಆಟದ ಫೈಲು ಬಿಚ್ಚಿದರೆ ಒಂದೇ ಪಾತ್ರದ ಮೈ ಒಂದು ಕಡೆ, ಸಿಟ್ಟಿನ ಹುಬ್ಬು, ನಗುವ ಬಾಯಿ ಬೇರೆ ಬೇರೆ ತುಂಡುಗಳಾಗಿ ಸಿಗುವುದುಂಟು. ಬಾಯಿಯನ್ನಷ್ಟೇ ಹಿಗ್ಗಿಸಿ ತಂದು ಅಂಟಿಸಿದರೆ ಕೆನ್ನೆಯ ಮೇಲೆ ಚೌಕದ ಗುರುತು ಎದ್ದು ಕಾಣುತ್ತದೆ. ಹಾಗಾಗಿ ಮೊದಲು ತುಂಡನ್ನು ಮುಖಕ್ಕೆ ಕೂಡಿಸಿ, ಇಡೀ ಚಿತ್ರವನ್ನು ಹಿಗ್ಗಿಸಿ, ಆಮೇಲೆ ಅದೇ ಲೆಕ್ಕದಲ್ಲಿ ಕತ್ತರಿಸಬೇಕು. ಪಾರದರ್ಶಕ ಅಂಚನ್ನು ಬೇರೆಯಾಗಿ ನೋಡಿಕೊಳ್ಳದಿದ್ದರೆ ಕೂದಲ ಸುತ್ತ ಬಿಳಿ ಗೆರೆ. ತೊಂಬತ್ತರ ದಶಕದ ಪಿಸಿ-98 ಕಂಪ್ಯೂಟರಿನ ಆಟಗಳಂತೂ ಇನ್ನೂ ಕಷ್ಟ. 16 ಬಣ್ಣಗಳಲ್ಲೇ ನೆರಳು ತೋರಿಸಲು ಚಿತ್ರಕಾರರು ಒಂದುಬಿಟ್ಟು ಒಂದು ಚುಕ್ಕಿ ಇಟ್ಟಿದ್ದರು. ಬುದ್ಧಿವಂತ ಅಪ್‌ಸ್ಕೇಲಿಂಗ್ ತಂತ್ರಾಂಶ ಅದನ್ನು ಬಟ್ಟೆಯ ನೇಯ್ಗೆಯೆಂದೇ ನಂಬಿ ಕೆನ್ನೆ ತುಂಬ ಗೀಚಿಬಿಡುತ್ತದೆ!

ತಿದ್ದುವುದಕ್ಕೂ ಒಂದು ಮಿತಿ ಬೇಕು. ‘ಹಿಗುರಾಶಿ’ಯ ಕತೆ ಬರೆದ ರ್ಯುಕಿಶಿ07 ಪಾತ್ರಗಳ ಚಿತ್ರವನ್ನೂ ತಾವೇ ಬರೆದರು. ದಪ್ಪ ಬೆರಳಿನ ಒಡ್ಡೊಡ್ಡು ಕೈಗಳು ನಗು ತರಿಸುತ್ತವೆ, ಕತೆ ಭೀಕರವಾದಾಗ ಅದೇ ಮುಖಗಳು ಹೆದರಿಸುತ್ತವೆ. ‘07ತ್-ಮಾಡ್’ ಎಂಬ ತಂಡದ ಅಭಿಮಾನಿಗಳು ಕನ್ಸೋಲ್ ಆವೃತ್ತಿಯ ನಯವಾದ ಚಿತ್ರಗಳನ್ನೂ ದನಿಗಳನ್ನೂ ಕಂಪ್ಯೂಟರಿನ ಆಟಕ್ಕೆ ತಂದರು. ಅಂದವಾಗಿದೆ, ನಿಜ. ನನಗೆ ಮಾತ್ರ ಆ ಒಡ್ಡು ಕೈಗಳೇ ಇಷ್ಟ. ಗೆರೆ ಚೊಕ್ಕವಾಗಲಿ, ಚಿತ್ರಕಾರರ ಕೈ ಅಳಿಸಬಾರದು.

ಬೈಂದೂರಿನಲ್ಲೋ ಬ್ರಹ್ಮಾವರದಲ್ಲೋ ಕೂತು ಕಲಿಯುವವರಿಗೆ 2004ರಿಂದ ಉಚಿತವಾಗಿ ಸಿಗುತ್ತಿರುವ ‘ರೆನ್‌ಪೈ’ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಆಟಗಳು ಸಲೀಸು. ತಿದ್ದಿದ ಚಿತ್ರವನ್ನು ಅದೇ ಹೆಸರಲ್ಲಿ ‘ಗೇಮ್’ ಫೋಲ್ಡರಿಗೆ ಹಾಕಿದರೆ, ಫೈಲುಗಳ ಕಟ್ಟಿನೊಳಗಿನ ಹಳೆಯದನ್ನು ಬಿಟ್ಟು ಆಟ ಅದನ್ನೇ ತೋರಿಸುತ್ತದೆ; ಹಿಗ್ಗಿಸಿದ ಚಿತ್ರವಾದರೆ ಅಳತೆಯನ್ನೂ ಹೊಂದಿಸಬೇಕು. ಬೇಡವೆಂದರೆ ಅಳಿಸಿ, ಮೂಲಚಿತ್ರ ವಾಪಸ್. ಆಟವನ್ನು ಮಾತ್ರ ದುಡ್ಡು ಕೊಟ್ಟೇ ತನ್ನಿ; ತಿದ್ದಿದವರು ನೀವಾದರೂ ಚಿತ್ರದ ಹಕ್ಕು ನಿಮ್ಮದಾಗುವುದಿಲ್ಲ.