ಕಟ್ಟಡ ಕೆಲಸ: ಕೂಲಿಯೋ, ಕಸುಬೋ?

ಎಸೆಸೆಲ್ಸಿ ಫಲಿತಾಂಶ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ಬೇರೊಂದು ಲೆಕ್ಕಾಚಾರ ಶುರುವಾಗುತ್ತದೆ. ಮಗನಿಗೆ ಅಂಕ ಕಡಿಮೆ ಬಂದಿದೆ. ತಂದೆಗೆ ಮೊದಲಿನಂತೆ ದುಡಿಯಲಾಗುವುದಿಲ್ಲ. ಮದುವೆಗೆ ಬಂದ ಮಗಳಿದ್ದಾಳೆ. ಆಗ ಪರಿಚಯದ ಮೇಸ್ತ್ರಿಯೊಬ್ಬ ಬಂದು, "ನಾಳೆಯಿಂದಲೇ ಕಳುಹಿಸಿ, ವಾರಕ್ಕೊಮ್ಮೆ ಕೈಗೆ ಕಾಸು ಸಿಗುತ್ತದೆ" ಎನ್ನುತ್ತಾನೆ. ಮರುದಿನವೇ ಹದಿನಾರರ ಹುಡುಗ ಸಿಮೆಂಟ್ ಬಾಂಡ್ಲಿ ಹೊರಲು ಹೊರಡುತ್ತಾನೆ.

ಕಟ್ಟಡ ಕೆಲಸ ಕೀಳಾದುದೇನಲ್ಲ. ಬೆವರು ಸುರಿಸಿ ಗಳಿಸಿದ ಅನ್ನಕ್ಕಿಂತ ರುಚಿಯಾದುದು ಯಾವುದಿದೆ? ಮನೆ, ಶಾಲೆ, ಆಸ್ಪತ್ರೆ, ಸೇತುವೆ ಎಲ್ಲವೂ ಈ ಕೈಗಳಿಂದಲೇ ಎದ್ದು ನಿಂತಿವೆ. ಆದರೆ ಪ್ರಶ್ನೆ ಇಷ್ಟೇ: ಹುಡುಗ ಈ ರಂಗಕ್ಕೆ ಕೂಲಿಯಾಗಿ ಸೇರುತ್ತಾನೋ, ಕಸುಬು ಕಲಿತವನಾಗಿ ಸೇರುತ್ತಾನೋ? ಬಾಂಡ್ಲಿ ಹೊರುವವನ ಬಂಡವಾಳ ಅವನ ಸೊಂಟ. ಅದು ನಲವತ್ತಕ್ಕೇ ಸೋಲಬಹುದು. ಕಸುಬುದಾರನ ಬಂಡವಾಳ ಅವನ ತಿಳಿವಳಿಕೆ. ಅದು ವರ್ಷ ಕಳೆದಂತೆ ಬೆಳೆಯುತ್ತದೆ.

ಎರಡು ವರ್ಷಗಳ ಬೆಲೆ

ಕಟ್ಟಡ ಕಾರ್ಮಿಕನೆಂದು ಸರ್ಕಾರದಲ್ಲಿ ನೋಂದಣಿಯಾಗಲು 18 ವರ್ಷ ತುಂಬಿರಬೇಕು. ಎಸೆಸೆಲ್ಸಿ ಮುಗಿಯುವುದು ಹದಿನಾರರ ಸುಮಾರಿಗೆ. ನಡುವಿನ ಈ ಎರಡು ವರ್ಷಗಳೇ ಒಬ್ಬನ ಇಡೀ ದುಡಿಮೆಯ ದಾರಿಯನ್ನು ನಿರ್ಧರಿಸುತ್ತವೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಮತ್ತು ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿಗೆ ಎರಡು ವರ್ಷ, ಪ್ಲಂಬರ್ ತರಬೇತಿಗೆ ಒಂದೇ ವರ್ಷ ಸಾಕು. ಎಲ್ಲ ಐಟಿಐಗಳಲ್ಲೂ ಎಲ್ಲ ವಿಭಾಗಗಳಿರುವುದಿಲ್ಲ. ಹತ್ತಿರದಲ್ಲಿ ಏನಿದೆ ಎಂದು ಮೊದಲೇ ವಿಚಾರಿಸಬೇಕು. ಓದಿನಲ್ಲಿ ಸ್ವಲ್ಪ ಮುಂದಿರುವವರಿಗೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಅದನ್ನು ಮುಗಿಸಿ ಪ್ರವೇಶ ಪರೀಕ್ಷೆ ಬರೆದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು.

"ಎರಡು ವರ್ಷ ಮನೆಗೆ ಕಾಸು ಬರದಿದ್ದರೆ ಹೇಗೆ?" ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅಂಥವರು ಒಂದು ವರ್ಷದ ತರಬೇತಿಯನ್ನಾದರೂ ಆರಿಸಿಕೊಳ್ಳಲಿ. ನಂತರ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಂಪೆನಿಗಳಲ್ಲಿ ತರಬೇತಿಗೆ ಸೇರಿದರೆ ಕಲಿಯುವಾಗಲೂ ಸ್ಟೈಪೆಂಡ್ ಸಿಗುತ್ತದೆ.

ಗಣಿತ ಕೈಕೊಡದು

"ಈ ಗಣಿತ ನಮಗ್ಯಾಕೆ ಸರ್?" ಎಂದು ತರಗತಿಯಲ್ಲಿ ಗೊಣಗುವ ಹುಡುಗರು ಒಮ್ಮೆ ಮನೆಯ ಪಾಯ ಗುರುತು ಹಾಕುವುದನ್ನು ನೋಡಬೇಕು. ಮೂಲೆಯಿಂದ ಒಂದು ಕಡೆಗೆ 3 ಅಡಿ, ಇನ್ನೊಂದು ಕಡೆಗೆ 4 ಅಡಿ ಅಳೆದು ಗುರುತು ಹಾಕುತ್ತಾರೆ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ ಎಂದರ್ಥ. ಪುಸ್ತಕದ ಪೈಥಾಗೊರಸ್ ಪ್ರಮೇಯವೇ ಇದು! 12 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ 5 ಇಂಚು ದಪ್ಪದ ಸ್ಲ್ಯಾಬ್ ಹಾಕಲು 50 ಘನ ಅಡಿ ಕಾಂಕ್ರೀಟ್ ಬೇಕು. ಈ ಲೆಕ್ಕ ಬಲ್ಲವನು, ನಕ್ಷೆ ಓದಬಲ್ಲವನು ಮೇಸ್ತ್ರಿಯಾಗುತ್ತಾನೆ, ಮುಂದೆ ಕಂಟ್ರಾಕ್ಟರನೂ ಆಗುತ್ತಾನೆ. ಬಾರದವನು ಇನ್ನೊಬ್ಬರು ಹೇಳಿದ್ದನ್ನು ಹೊರುತ್ತಲೇ ಇರುತ್ತಾನೆ.

ಈಗಾಗಲೇ ಕೆಲಸಕ್ಕಿಳಿದವರು ಎದೆಗುಂದಬೇಕಿಲ್ಲ. ಜೇಬಿನಲ್ಲೊಂದು ಪುಟ್ಟ ಪುಸ್ತಕವಿರಲಿ. ಇಂದು ಎಷ್ಟು ಚೀಲ ಸಿಮೆಂಟ್ ಹೋಯಿತು, ಎಷ್ಟು ಗೋಡೆ ಎದ್ದಿತು ಎಂದು ಪ್ರತಿ ಸಂಜೆ ಬರೆದಿಡಲಿ. ಒಂದು ವರ್ಷದಲ್ಲಿ ಅದೇ ಅವರ ಪಾಠಪುಸ್ತಕವಾಗುತ್ತದೆ.

ಕಾಣದ ಕೆಲಸ

ಈ ಕಸುಬಿನ ಮುಖ್ಯ ಭಾಗ ಗಾರೆಯ ಹಿಂದೆ ಮುಚ್ಚಿಹೋಗುತ್ತದೆ. ಕಾಂಕ್ರೀಟಿಗೆ ನೀರು ಹೆಚ್ಚು ಸೇರಿಸಿದರೆ ಸುರಿಯಲು ಸುಲಭ, ಆದರೆ ಅದರ ಬಲ ಕುಗ್ಗುತ್ತದೆ. ಸ್ಲ್ಯಾಬ್‌ಗೆ ಕನಿಷ್ಠ ಏಳು ದಿನವಾದರೂ ನೀರುಣಿಸಬೇಕು. ತಪ್ಪಿಸಿದರೆ ಮನೆಯೊಡೆಯನಿಗೆ ಅಂದು ತಿಳಿಯದು, ಬಿರುಕು ಬಿಟ್ಟಾಗ ತಿಳಿಯುತ್ತದೆ. ಯಾರೂ ನೋಡದಿದ್ದಾಗಲೂ ಸರಿಯಾಗಿ ಮಾಡುವವನಿಗೆ ಜಾಹೀರಾತು ಬೇಕಿಲ್ಲ.

ನೋಂದಣಿ, ಸುರಕ್ಷತೆ

ಹದಿನೆಂಟು ತುಂಬಿ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಅಪಘಾತದ ಪರಿಹಾರ, ಚಿಕಿತ್ಸೆ, ಮಕ್ಕಳ ಓದು, ಅರವತ್ತರ ನಂತರದ ಪಿಂಚಣಿಗೆ ಮಂಡಳಿಯ ಯೋಜನೆಗಳಿವೆ. ಇದು ಭಿಕ್ಷೆಯಲ್ಲ. ಕಟ್ಟಡ ಕಟ್ಟಿಸುವವರಿಂದ ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕರ ಹೆಸರಿನಲ್ಲೇ ಸಂಗ್ರಹವಾಗುತ್ತದೆ. ಎತ್ತರದಲ್ಲಿ ದುಡಿಯುವ ಮಗನಿಗೆ ಹೆಲ್ಮೆಟ್, ಬೆಲ್ಟ್ ಕೊಟ್ಟಿದ್ದಾರೆಯೇ ಎಂದು ಮನೆಯವರೂ ಕೇಳಬೇಕು.

ಗಲ್ಫಿನ ಕನಸು

ಕರಾವಳಿಯ ಹುಡುಗರ ಕಣ್ಣು ಗಲ್ಫಿನ ಮೇಲಿರುತ್ತದೆ. ಎಸೆಸೆಲ್ಸಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಪರಿಶೀಲನೆಯ ಷರತ್ತು ಇರುವುದಿಲ್ಲ. ಆದರೆ ಆ ಅನುಕೂಲವನ್ನೇ ನಂಬಿ ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗುವುದು ಅಪಾಯ. ಸರ್ಕಾರದಲ್ಲಿ ನೋಂದಾಯಿತ ಏಜೆಂಟನೇ ಎಂದು ನೋಡಿ, ಕರಾರುಪತ್ರ ಓದಿಸಿಕೊಂಡೇ ಹೊರಡಬೇಕು. ಅಲ್ಲಿಯೂ ಕೈಯಲ್ಲಿ ಸರ್ಟಿಫಿಕೇಟ್ ಇದ್ದವನಿಗೆ ಒಂದು ಸಂಬಳ, ಹೆಲ್ಪರ್‌ಗೆ ಇನ್ನೊಂದು.

ಆದ್ದರಿಂದ ಹೆತ್ತವರೇ, ಮಗ ಕಟ್ಟಡ ಕೆಲಸಕ್ಕೆ ಹೋಗುತ್ತೇನೆಂದರೆ ತಡೆಯಬೇಡಿ, ನಾಚಿಕೊಳ್ಳಲೂ ಬೇಡಿ. ಆದರೆ ಬಾಂಡ್ಲಿ ಕೊಡುವ ಮುನ್ನ ಅವನ ಕೈಗೆ ಅಳತೆಯ ಟೇಪು ಕೊಡಿ. ಪಾಯ ಗಟ್ಟಿಯಿಲ್ಲದೆ ಗೋಡೆ ನಿಲ್ಲದು ಎಂಬುದನ್ನು ಕಟ್ಟಡ ಕಟ್ಟುವವನಿಗೆ ಬೇರೆಯಾಗಿ ಹೇಳಬೇಕಿಲ್ಲವಷ್ಟೆ?