ಚೀಲ, ಬಸ್ಸು, ಕೊಸರು

ಮಾರ್ಕೆಟ್ಟಿನಲ್ಲಿ ಟೊಮೆಟೊ ಕಿಲೋಗೆ ಹತ್ತು ರೂಪಾಯಿ ಅಗ್ಗ ಎಂದು ಕೇಳಿದ ಕೂಡಲೇ ನಮ್ಮ ಕಾಲು ಚಪ್ಪಲಿ ಹುಡುಕುತ್ತದೆ. ಮೂರು ಕಿಲೋ ತಂದರೆ ಉಳಿಯುವುದು ಮೂವತ್ತು ರೂಪಾಯಿ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೋದ ಕನಿಷ್ಠ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ. ಅಷ್ಟೇ ದೂರ ಹೋಗಿಬಂದರೂ 72. ಮೂಲೆಯ ಅಂಗಡಿಯವರು ಕೇಳುವ ಹೆಚ್ಚಿನ ದರದಲ್ಲಿ ಈ ಪ್ರಯಾಣದ ಖರ್ಚೂ ಸೇರಿದೆ. ನಮ್ಮ ಬದಲು ಅವರು ಬೆಳಗಿನ ಜಾವ ಎದ್ದು ಮಾರ್ಕೆಟ್ಟಿಗೆ ಹೋಗಿ ಬಂದಿರುತ್ತಾರೆ.

ಆದ್ದರಿಂದ ನಾನು ಸಾಮಾನನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಸೊಪ್ಪು, ಹಾಲು, ಹಸಿಮೆಣಸಿನಕಾಯಿ, ಮರೆತುಹೋದ ಸಾಸಿವೆ ಇವೆಲ್ಲ ನಡೆದು ಹೋಗುವ ದೂರದಲ್ಲಿ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ತೆಂಗಿನಕಾಯಿ ತಡೆಯುವ ಸಾಮಾನು. ಇವಕ್ಕೆ ಮಾತ್ರ ದೂರ ಹೋಗುವುದು, ಅದೂ ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಮಾರ್ಕೆಟ್ಟಿಗೆ ಹೋಗುವವರು ಯಾರು ಎಂಬ ಚರ್ಚೆಯೂ ಅಂದಿಗೇ ಮುಗಿಯಿತು, ನನಗೆ ಅದು ಪೂರ್ತಿ ಒಪ್ಪಿಗೆಯಾಗದಿದ್ದರೂ.

ಸಂತೆಗೆ ಹೋಗುವುದಾದರೆ ಹೊತ್ತು ನೋಡಬೇಕು. ಬೆಳಿಗ್ಗೆ ಮಾಲು ತಾಜಾ, ದರ ಬಿಗಿ. ಕತ್ತಲಾಗುವ ಹೊತ್ತಿಗೆ ದರ ಸಡಿಲವಾಗುತ್ತದೆ: ಉಳಿದ ಟೊಮೆಟೊವನ್ನು ಮತ್ತೆ ಗಾಡಿಗೆ ಹೇರಿ ಊರಿಗೆ ಒಯ್ಯುವ ಬದಲು ಸಿಕ್ಕ ಬೆಲೆಗೆ ಕೊಡುವುದೇ ಮಾರುವವರಿಗೆ ಲಾಭ. ಆ ಹೊತ್ತಿನ ಗುಡ್ಡೆಯಲ್ಲಿ ಅರ್ಧ ಕೆಟ್ಟ ಕಾಯಿಗಳೂ ಇರುತ್ತವೆ. ಅಂದೇ ಸಾರು, ಗೊಜ್ಜು ಮಾಡುವವರಿಗಷ್ಟೇ ಅದು ಸರಿ. ಹೋದ ಕೂಡಲೇ ಕೊಳ್ಳದೆ ಒಂದು ಸುತ್ತು ಬಂದು ದರ ಕೇಳಿಕೊಳ್ಳಿ. ಭಾರದ ಸಾಮಾನು ಕೊನೆಗಿರಲಿ, ಇಲ್ಲದಿದ್ದರೆ ಆ ಸುತ್ತನ್ನೆಲ್ಲ ಆಲೂಗಡ್ಡೆ ಹೊತ್ತು ತಿರುಗಬೇಕು.

ತೂಕದ ಕಡೆ ಒಂದು ಕಣ್ಣಿರಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತಬೇಕು. ಅದನ್ನು ಹುಡುಕುವಷ್ಟು ಪುರುಸೊತ್ತು ಇಲ್ಲದಿದ್ದರೂ, ಕಾಯಿ ಹಾಕುವ ಮುಂಚೆ ಖಾಲಿ ತಟ್ಟೆಯ ಮುಂದೆ ಸೊನ್ನೆ ಇದೆಯೇ ಎಂದು ನೋಡುವುದಕ್ಕೆ ಎಷ್ಟು ಹೊತ್ತು? ಇಷ್ಟೆಲ್ಲ ಕಾನೂನು ಇದ್ದರೂ ಪುರಿ ಇನ್ನೂ ಸೇರಿನಲ್ಲಿ, ಮಲ್ಲಿಗೆ ಮೊಳದಲ್ಲಿ. ಹೂ ಮಾರುವವರ ಕೈ ಗಿಡ್ಡವಾದಷ್ಟೂ ನಮ್ಮ ಮೊಳವೂ ಗಿಡ್ಡ.

ಪ್ಯಾಕೆಟ್ ಸಾಮಾನಿನ ಆಟ ಬೇರೆ. ಎಂಆರ್‌ಪಿ ಎಂದರೆ ತೆರಿಗೆಯೆಲ್ಲ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ದೊಡ್ಡ ಪ್ಯಾಕೆಟ್ ಅಗ್ಗ ಎಂಬ ನಂಬಿಕೆಯನ್ನು ಒಮ್ಮೆ ಪರೀಕ್ಷಿಸಿ. 200 ಗ್ರಾಂ ಪುಡಿಗೆ 90 ರೂಪಾಯಿ, 500 ಗ್ರಾಂಗೆ 240 ಎನ್ನೋಣ. ಮೊದಲನೆಯದು ಗ್ರಾಂಗೆ 45 ಪೈಸೆ, ಎರಡನೆಯದು 48. ದೊಡ್ಡದೇ ದುಬಾರಿ! ಈ ಭಾಗಾಕಾರ ಈಗ ನಾವೇ ಮಾಡಬೇಕಿಲ್ಲ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕದಲ್ಲಿ, ಹೆಚ್ಚಿದ್ದರೆ ಕಿಲೋ ಲೆಕ್ಕದಲ್ಲಿ ಬಿಡಿ ದರವನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಬೇಕೆಂಬ ನಿಯಮ ಇದೆ. ಅಕ್ಷರ ಇರುವೆಯಷ್ಟು ಚಿಕ್ಕದು; ನಾನು ಕನ್ನಡಕ ಮರೆತ ದಿನ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದುತ್ತೇನೆ.

ಚೌಕಾಸಿ ಇಷ್ಟವಿಲ್ಲದವರಿಗೆ ಹಾಪ್‌ಕಾಮ್ಸ್ ಮಳಿಗೆ ಇದೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು. ಅಂದಂದಿನ ದರವನ್ನು ಹಲಗೆಯ ಮೇಲೆ ಬರೆದಿಡುತ್ತಾರೆ, ಮಾತಿಗೆ ಜಾಗವಿಲ್ಲ. ಆದರೆ ಕೊಸರಿಗೂ ಜಾಗವಿಲ್ಲ. ತರಕಾರಿ ಅಕ್ಕ "ತಗೊಳ್ಳಿ ಸಾರ್" ಎಂದು ಕೊನೆಗೆ ಚೀಲಕ್ಕೆ ತುರುಕುವ ಕರಿಬೇವು ಯಾವ ರಸೀತಿಯಲ್ಲೂ ಬರುವುದಿಲ್ಲ.

ಚೀಲ ಬಟ್ಟೆಯದೇ ಇರಲಿ. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ. ಎರಡು ಚೀಲ ಒಯ್ದು ಭಾರವನ್ನು ಎರಡೂ ಕೈಗೆ ಹಂಚಿ. ತಳಕ್ಕೆ ಆಲೂಗಡ್ಡೆ, ಈರುಳ್ಳಿ, ಅದರ ಮೇಲೆ ಬೀನ್ಸು, ಟೊಮೆಟೊ ಎಲ್ಲಕ್ಕಿಂತ ಮೇಲೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಟೊಮೆಟೊ ಚೀಲ ತೊಡೆಯ ಮೇಲಿರಲಿ. ಕೆಳಗಿಟ್ಟರೆ ಯಾರೋ ಇಳಿಯುವ ಅವಸರದಲ್ಲಿ ಅಲ್ಲೇ ಗೊಜ್ಜು ಮಾಡಿ ಹೋಗುತ್ತಾರೆ.